ಗರಸು ದಾರಿಗೆ ಯಾವ ಸೈಕಲ್ಲು?

ಕಳೆದ ಶ್ರಾವಣದಲ್ಲಿ ವಾಡಿಯ ಸದ್ಭಕ್ತರೊಬ್ಬರು ಎರಡೂ ಕೈಗಳನ್ನು ಮುಂದೆ ಚಾಚಿಕೊಂಡೇ ನನ್ನ ಚಿಕಿತ್ಸಾಲಯದೊಳಗೆ ಬಂದರು. ಐವತ್ತೆರಡರ ವಯಸ್ಸು, ಫರಸಿ ಕಲ್ಲಿನ ವ್ಯವಹಾರ. ಅದಕ್ಕೆ ಆರು ತಿಂಗಳ ಹಿಂದಷ್ಟೇ ಮಧುಮೇಹವಿರುವುದು ಪತ್ತೆಯಾಗಿತ್ತು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ, ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿ ನಿಲ್ಲುವುದಿಲ್ಲ ಎಂದರು. “ಸಕ್ರಿ ಬ್ಯಾನಿ ನರಕ್ಕ ಇಳದದೇನ್ರಿ ಸಾಹೇಬ್ರ?” ಎಂದು ಕೇಳುವಾಗ ಅವರ ಧ್ವನಿ ತಗ್ಗಿತ್ತು. ಅವರ ತಂದೆಯವರು ಇದೇ ಕಾಯಿಲೆಯಲ್ಲಿ ಒಂದು ಪಾದವನ್ನು ಕಳೆದುಕೊಂಡಿದ್ದರು ಎಂಬುದು ನನಗೆ ಗೊತ್ತಿತ್ತು.

ಮಧುಮೇಹದಿಂದ ನರಗಳಿಗೆ ಹಾನಿಯಾಗುವುದು ನಿಜ. ಆದರೆ ಅದು ಸಾಮಾನ್ಯವಾಗಿ ಕಾಲ್ಬೆರಳುಗಳಿಂದ ಆರಂಭವಾಗಿ ಮೇಲಕ್ಕೆ ಏರುತ್ತದೆಯೇ ಹೊರತು ಕೈಯ ಎರಡೇ ಬೆರಳುಗಳನ್ನು ಆರಿಸಿಕೊಂಡು ಬರುವುದಿಲ್ಲ. ಪಾದಗಳನ್ನು ಪರೀಕ್ಷಿಸಿದೆ, ಸ್ಪರ್ಶಜ್ಞಾನ ಸರಿಯಾಗಿತ್ತು. ಕಿರುಬೆರಳಿಗೂ ಉಂಗುರಬೆರಳಿಗೂ ಹೋಗುವ ನರವು ಮಣಿಕಟ್ಟಿನ ಬಳಿ, ಅಂಗೈಯ ಬುಡದಲ್ಲಿ, ತೊಗಲಿಗೆ ಬಹಳ ಸಮೀಪವಾಗಿ ಹಾದುಹೋಗುತ್ತದೆ. ಅಲ್ಲಿ ಒತ್ತಡ ಬಿದ್ದರೆ ಈ ಎರಡು ಬೆರಳುಗಳೇ ಮರಗಟ್ಟುವುದು. ಕೈಯಿಂದ ಏನನ್ನಾದರೂ ಬಹಳ ಹೊತ್ತು ಒತ್ತಿ ಹಿಡಿಯುತ್ತೀರಾ ಎಂದು ಕೇಳಿದಾಗ ಅವರಿಗೆ ಥಟ್ಟನೆ ನೆನಪಾಯಿತು. ಸಕ್ಕರೆ ಇಳಿಸಲೆಂದು ಎರಡು ತಿಂಗಳಿಂದ ಸೈಕಲ್ ತುಳಿಯುತ್ತಿದ್ದರು.

ಮರುದಿನ ಆ ಸೈಕಲ್ಲನ್ನೇ ತರಿಸಿ ನೋಡಿದೆ. ಕೊಕ್ಕರೆಯಂತೆ ತೆಳ್ಳಗಿನ, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ, ರಸ್ತೆ ಸ್ಪರ್ಧೆಯ ಸೈಕಲ್ಲು. ಟೈರು 25 ಮಿಲಿಮೀಟರ್ ಅಗಲ. ಅದರಲ್ಲಿ ನೂರು ಪೌಂಡ್ ಒತ್ತಡದ ಗಾಳಿ. ನಗರದ ಅಂಗಡಿಯೊಂದರಲ್ಲಿ “ಇದಕ್ಕಿಂತ ಒಳ್ಳೆಯದು ಇಲ್ಲ” ಎಂಬ ಮಾತು ನಂಬಿ, ಐವತ್ತು ಸಾವಿರಕ್ಕೂ ಮೇಲೆ ತೆತ್ತು ತಂದಿದ್ದರು. ಸೈಕಲ್ಲು ನಿಜಕ್ಕೂ ಒಳ್ಳೆಯದೇ, ನುಣುಪಾದ ಡಾಂಬರಿನ ಮೇಲೆ. ಇವರು ಅದನ್ನು ದಿನವೂ ಓಡಿಸುತ್ತಿದ್ದುದು ಮನೆಯಿಂದ ಕಲ್ಲಿನ ಖಣಿಯವರೆಗಿನ ಗರಸು ದಾರಿಯಲ್ಲಿ. ಕಲ್ಲಿನಂತೆ ಬಿಗಿದ ಆ ಟೈರು ದಾರಿಯ ಒಂದೊಂದು ಹರಳಿನ ಪೆಟ್ಟನ್ನೂ ನೇರವಾಗಿ ಅಂಗೈಗೆ ತಲುಪಿಸುತ್ತಿತ್ತು. ರೋಗವಿದ್ದುದು ಕೈಯಲ್ಲಲ್ಲ.

ಈ ಪ್ರಸಂಗದ ನಂತರ ಸೈಕಲ್ಲುಗಳ ಜಾತಿಭೇದವನ್ನು ಕೊಂಚ ಓದಿ ತಿಳಿದೆ. ಓದುಗ ಬಂಧುಗಳಲ್ಲಿ ಅನೇಕರು ವೈದ್ಯರ ಸಲಹೆಯಂತೆ ಸೈಕಲ್ ಕೊಳ್ಳಲು ಹೊರಟು, ಅಂಗಡಿಯಲ್ಲಿ ರೋಡ್, ಮೌಂಟೇನ್, ಹೈಬ್ರಿಡ್, ಗ್ರ್ಯಾವೆಲ್ ಎಂಬ ಹೆಸರುಗಳ ನಡುವೆ ದಿಕ್ಕುಗೆಟ್ಟು ನಿಲ್ಲುತ್ತಾರೆ. (ಗ್ರ್ಯಾವೆಲ್ ಬೈಕ್ ಎನ್ನುತ್ತಾರೆ, ನಮ್ಮ ಸೀಮೆಯಲ್ಲಿ ಬೈಕ್ ಎಂದರೆ ಪೆಟ್ರೋಲ್ ಕುಡಿಯುವುದು ಎಂದೇ ಅರ್ಥವಾದ್ದರಿಂದ ಇಲ್ಲಿ ಸೈಕಲ್ ಎಂದೇ ಬರೆಯುತ್ತೇನೆ.) ಗ್ರ್ಯಾವೆಲ್ ಎಂದರೆ ಬೇರೇನಲ್ಲ, ನಮ್ಮ ಕಂಕರು, ನಮ್ಮ ಗರಸು.

ಸೈಕಲ್ಲಿನ ಮೂಲವನ್ನು 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಫಾನ್ ಡ್ರೈಸ್ ಓಡಿಸಿ ತೋರಿಸಿದ ಮರದ ಯಂತ್ರದಲ್ಲಿ ಕಾಣುತ್ತಾರೆ. ಅದಕ್ಕೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲಿನಲ್ಲಿ ಸರಿಸುಮಾರು ಸಮನಾದ ಎರಡು ಗಾಲಿಗಳೂ ಹಿಂದಿನ ಗಾಲಿಯನ್ನು ತಿರುಗಿಸುವ ಚೈನೂ ಬಂದವು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮಾಡಿದರು. ಡನ್‌ಲಪ್ ಅವರ ವೃತ್ತಿ ಪಶುವೈದ್ಯಕೀಯ. ಮಗನ ಪುಟ್ಟ ಮೂರುಗಾಲಿಯ ಸೈಕಲ್ಲಿನ ಕುಲುಕಾಟ ತಗ್ಗಿಸಲು ಅವರು ಮಾಡಿದ ಉಪಾಯವದು. ಗಾಳಿಯ ಟೈರು ಹುಟ್ಟಿದ್ದು ವೇಗಕ್ಕಾಗಿ ಅಲ್ಲ, ದೇಹಕ್ಕೆ ಬೀಳುವ ಪೆಟ್ಟನ್ನು ತಡೆಯಲು ಎಂಬುದು ವೈದ್ಯನಾದ ನನಗೆ ಪ್ರಿಯವಾದ ಸಂಗತಿ.

ಆ ಕಾಲದಲ್ಲಿ ಸೈಕಲ್ಲಿನಲ್ಲಿ ಇಷ್ಟೊಂದು ಬಗೆಗಳಿರಲಿಲ್ಲ. 1903ರಲ್ಲಿ ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಸ್ಪರ್ಧೆ ಆರಂಭವಾದಾಗ ಸವಾರರು ಸಾಗಿದ ದಾರಿಗಳು ಬಹುಪಾಲು ಮಣ್ಣು ಮತ್ತು ಕಂಕರಿನವೇ. ಡಾಂಬರು ಹರಡುತ್ತ ಹೋದಂತೆ ಸ್ಪರ್ಧೆಯ ಸೈಕಲ್ಲು ತೆಳುವಾಗುತ್ತ, ಹಗುರವಾಗುತ್ತ, ಸವಾರನನ್ನು ಮುಂದಕ್ಕೆ ಬಾಗಿಸುತ್ತ ಹೋಯಿತು. ಹೀಗೆ ನುಣುಪಿನ ಕಡೆಗೆ ಹೋದ ಸೈಕಲ್ಲು ಒರಟು ನೆಲವನ್ನು ಮರೆತಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಯುವಕರು 1970ರ ದಶಕದಲ್ಲಿ 1930ರ ಕಾಲದ ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದಿಂದ ಇಳಿಸತೊಡಗಿದರು. 1976ರಿಂದ ನಡೆದ ಅವರ ಸ್ಪರ್ಧೆಯ ಹೆಸರು ‘ರೀಪ್ಯಾಕ್’. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಿಂದಿನ ಗಾಲಿಯೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತಂತೆ. ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. ಅದರಿಂದ ಬೆಟ್ಟದ ಸೈಕಲ್ಲು, ಅಂದರೆ ಮೌಂಟೇನ್ ಬೈಕ್ ಹುಟ್ಟಿತು. 1996ರಲ್ಲಿ ಅದು ಒಲಿಂಪಿಕ್ಸ್ ಪ್ರವೇಶಿಸಿತು.

ಇವೆರಡರ ನಡುವೆ ಉಳಿದ ಜಾಗ ಗರಸು ದಾರಿಯದು. ಅಮೆರಿಕದ ನಡುನಾಡಿನ ಕೃಷಿ ರಾಜ್ಯಗಳಲ್ಲಿ ಊರಿಂದೂರಿಗೆ, ಹೊಲದಿಂದ ಹೊಲಕ್ಕೆ ಕಂಕರು ಹಾಸಿದ ರಸ್ತೆಗಳ ಜಾಲವಿದೆ. 2006ರಲ್ಲಿ ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ ಆ ರಸ್ತೆಗಳ ಮೇಲೆ 200 ಮೈಲು, ಅಂದರೆ ಸುಮಾರು 320 ಕಿಲೋಮೀಟರು ದೂರದ ಸ್ಪರ್ಧೆಯೊಂದು ಶುರುವಾಯಿತು. ಇಂದು ಅದರ ಹೆಸರು ಅನ್‌ಬೌಂಡ್ ಗ್ರ್ಯಾವೆಲ್. ಆ ಸೀಮೆಯ ಫ್ಲಿಂಟ್ ಹಿಲ್ಸ್ ಗುಡ್ಡಗಳು ಸುಣ್ಣದ ಕಲ್ಲಿನವು. ಅದರಲ್ಲಿ ಚಕಮಕಿ ಕಲ್ಲಿನ ಚೂಪು ಚೂರುಗಳಿದ್ದು ಟೈರು ಸೀಳುತ್ತವೆ. ವಾಡಿ, ಶಹಾಬಾದ್, ಸೇಡಂಗಳ ಸುಣ್ಣಕಲ್ಲಿನ ಮೇಲೆ ಬದುಕುವ ನಮಗೆ ಅದು ಅಪರಿಚಿತ ಲೋಕವೇನಲ್ಲ. ಮುಂದಿನ ಹದಿನೈದು ವರ್ಷಗಳಲ್ಲಿ ಕಂಪನಿಗಳು ಈ ದಾರಿಗೆಂದೇ ಸೈಕಲ್ಲುಗಳನ್ನು ಮಾಡಿದವು. 2022ರಲ್ಲಿ ಇಟಲಿಯ ವೆನೆಟೋ ಪ್ರಾಂತ್ಯದಲ್ಲಿ ಗರಸು ದಾರಿಯ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ಗ್ರ್ಯಾವೆಲ್ ಸೈಕಲ್ಲು ಎಂದರೆ ಏನು? ನೋಟಕ್ಕೆ ಬಾಗಿದ ಹ್ಯಾಂಡಲ್ಲಿನ ಸ್ಪರ್ಧೆಯ ಸೈಕಲ್ಲೇ. ಆದರೆ ಟೈರು ಸಾಮಾನ್ಯವಾಗಿ 38ರಿಂದ 45 ಮಿಲಿಮೀಟರ್ ಅಗಲ. ಅದರಲ್ಲಿ ಗಾಳಿ ಕಡಿಮೆ, ಸವಾರನ ತೂಕ ನೋಡಿಕೊಂಡು 30–40 ಪೌಂಡಿನಷ್ಟು. ಎರಡು ಗಾಲಿಗಳ ನಡುವಿನ ಅಂತರ ತುಸು ಹೆಚ್ಚು. ಹಾಗಾಗಿ ಸಡಿಲ ಕಂಕರಿನ ಮೇಲೆ ಗಾಬರಿಪಡದೆ ಸಾಗುತ್ತದೆ. ಕೂತ ಭಂಗಿ ಕೊಂಚ ನೆಟ್ಟಗೆ. ಮಳೆಯಲ್ಲೂ ಹಿಡಿಯುವ ಡಿಸ್ಕ್ ಬ್ರೇಕ್. ಟೈರಿಗೂ ಚೌಕಟ್ಟಿಗೂ ನಡುವೆ ಸಾಕಷ್ಟು ತೆರಪು. ಈ ತೆರಪಿನ ಬೆಲೆ ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಸೈಕಲ್ ಹೊಡೆದವರಿಗೆ ವಿವರಿಸಬೇಕಿಲ್ಲ: ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ, ಗಾಲಿ ತಿರುಗದೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರಿದವರು ನಮ್ಮಲ್ಲಿ ಎಷ್ಟೋ ಮಂದಿ. ಅನೇಕ ಗ್ರ್ಯಾವೆಲ್ ಸೈಕಲ್ಲುಗಳಿಗೆ ಟ್ಯೂಬ್ ಇರುವುದಿಲ್ಲ. ಟೈರಿನೊಳಗೆ ಹಾಲಿನಂಥ ದ್ರಾವಣವಿದ್ದು, ಜಾಲಿಮುಳ್ಳು ಚುಚ್ಚಿದ ಸಣ್ಣ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಅಗಲ ಟೈರು, ಕಡಿಮೆ ಗಾಳಿ ಎಂದರೆ ತುಳಿಯಲು ಭಾರ ಎಂದು ನಾವೆಲ್ಲ ನಂಬಿದ್ದೇವೆ. ನುಣುಪು ದಾರಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ಒರಟು ದಾರಿಯಲ್ಲಿ ಮಾತ್ರ ವ್ಯತಿರಿಕ್ತ. ಬಿಗಿದ ಟೈರು ಪ್ರತಿ ಹರಳಿಗೂ ಪುಟಿದು ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತುತ್ತದೆ. ಹಾಗೆ ಎತ್ತುವ ಶಕ್ತಿ ನಮ್ಮ ಕಾಲಿನಿಂದಲೇ ಹೋಗಬೇಕು. ಮೆತ್ತಗಿನ ಟೈರು ಹರಳನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ. ಅಂಗೈ, ಮಣಿಕಟ್ಟು, ಕತ್ತು, ಸೊಂಟಗಳಿಗೆ ಉಳಿತಾಯ.

ಇಷ್ಟನ್ನು ತಿಳಿದುಕೊಂಡ ಮೇಲೆ ಒಂದು ದಿನ ನಾನು ನನ್ನ ರೋಗಿಯ ಮನೆಗೆ ಹೋದೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ಅವರ ತಂದೆಯವರ ಹಳೆಯ ಕರಿಯ ಸೈಕಲ್ಲು ಗೋಡೆಗೆ ಒರಗಿತ್ತು. ಧೂಳು ಒರೆಸಿ ಟೈರಿನ ಪಕ್ಕದ ಅಕ್ಷರಗಳನ್ನು ಓದಿದೆವು: 28 x 1½. ಅಂದರೆ ಅಗಲ ಸುಮಾರು 38–40 ಮಿಲಿಮೀಟರ್. ಲಕ್ಷ ರೂಪಾಯಿಯ ಗ್ರ್ಯಾವೆಲ್ ಸೈಕಲ್ಲಿಗೆ ಇರುವಷ್ಟೇ!

1949ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್, 1956ರಿಂದ ಲುಧಿಯಾನದ ಹೀರೊ, ಇವರೆಲ್ಲ ದಶಕಗಳ ಕಾಲ ನಮಗೆ ಕೊಟ್ಟದ್ದು ಬಹುಮಟ್ಟಿಗೆ ಇದೇ ಒಂದು ಮಾದರಿಯನ್ನು. ಅಂಚೆಯಣ್ಣ, ಹಾಲಿನವರು, ಶಾಲಾ ಮಾಸ್ತರರು, ಮೂರು ಪಾಳಿಯಲ್ಲಿ ಸಿಮೆಂಟ್ ಕಾರ್ಖಾನೆಗೆ ಹೋಗುತ್ತಿದ್ದವರು, ವಾಡಿ ಜಂಕ್ಷನ್ನಿನ ರೈಲ್ವೆ ನೌಕರರು, ಎಲ್ಲರ ಕಾಯಕಕ್ಕೂ ಅದೊಂದೇ. ಹ್ಯಾಂಡಲ್ ಎತ್ತರ, ಬೆನ್ನು ನೆಟ್ಟಗೆ, ಗಾಲಿಗಳ ಅಂತರ ದೀರ್ಘ, ಸೀಟಿನ ಕೆಳಗೆ ದಪ್ಪ ಸ್ಪ್ರಿಂಗು, ಟೈರು ಅಗಲ. ರಸ್ತೆ ಎಂದರೆ ಗರಸು ಎಂದೇ ಅರ್ಥವಾಗಿದ್ದ ಕಾಲದಲ್ಲಿ ಅದು ಗರಸಿಗೆ ತಕ್ಕಂತೆಯೇ ಇತ್ತು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಹಳೆಯ ಸೈಕಲ್ಲಿನ ತೂಕ ಇಪ್ಪತ್ತು ಕಿಲೋ ಮೇಲೆ. ಗ್ರ್ಯಾವೆಲ್ ಸೈಕಲ್ಲು ಹತ್ತರ ಆಸುಪಾಸು. ಅದಕ್ಕಿಂತ ದೊಡ್ಡ ಕೊರತೆ ಗೇರಿನದು. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗಬೇಕು, ಏರಿರಲಿ ಎದುರುಗಾಳಿಯಿರಲಿ. ಮುಂದೆ 40, ಹಿಂದೆ 42 ಹಲ್ಲಿನ ಗ್ರ್ಯಾವೆಲ್ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಅದೇ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಐವತ್ತು ದಾಟಿದ ಮಂಡಿಗೆ ಈ ವ್ಯತ್ಯಾಸ ಬಹು ದೊಡ್ಡದು. ಮಂಡಿಯನ್ನು ಸವೆಸುವುದು ಸೈಕಲ್ಲಲ್ಲ, ಭಾರವಾದ ಗೇರನ್ನು ಒತ್ತಿ ಒತ್ತಿ ತುಳಿಯುವುದು. ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಿದರೆ ಅದೇ ಮಂಡಿಗೆ ಎಣ್ಣೆ ಹಾಕಿದಂತೆ.

ಮಂಡಿಯ ಮಾತು ಬಂದದ್ದರಿಂದ ಸೀಟಿನ ಬಗ್ಗೆ ಹೇಳಿಬಿಡುತ್ತೇನೆ. ಏಕೆಂದರೆ ಸೈಕಲ್ ಯಾವುದೇ ಇರಲಿ, ನಮ್ಮವರಲ್ಲಿ ಹೆಚ್ಚಿನವರು ಸೀಟನ್ನು ತೀರ ಕೆಳಗೆ ಇಟ್ಟುಕೊಳ್ಳುತ್ತಾರೆ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಎಂಬ ಭಯ. ಸೀಟು ತಗ್ಗಿದಷ್ಟೂ ಮಂಡಿ ಹೆಚ್ಚು ಮಡಚಿ, ಚಿಪ್ಪಿನ ಹಿಂದೆ ಒತ್ತಡ ಏರಿ, ಮುಂಭಾಗದಲ್ಲಿ ನೋವು ಹುಟ್ಟುತ್ತದೆ. ಅಳತೆ ಸುಲಭ: ಸೀಟಿನ ಮೇಲೆ ಕೂತು, ಪೆಡಲನ್ನು ಅತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ನಂತರ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನೇ ಬೇಕಾದಷ್ಟು ಬಾಗುತ್ತದೆ. ಒಂದು ಪಾನಾ ಹಿಡಿದರೆ ಐದು ನಿಮಿಷದ ಕೆಲಸ. ನನ್ನಲ್ಲಿಗೆ ಬಂದ ಎಷ್ಟೋ ಮಂಡಿ ನೋವುಗಳಿಗೆ ನಾನು ಬರೆದುಕೊಟ್ಟ ಔಷಧಿ ಇಷ್ಟೇ.

ಇನ್ನು ಮಕ್ಕಳು ಹಟ ಹಿಡಿದು ಕೊಳ್ಳುವ, ಮುಂದೆ ಹಿಂದೆ ಸ್ಪ್ರಿಂಗ್ ತೊಡಿಸಿದ, ಮುಳ್ಳುಮುಳ್ಳು ಟೈರಿನ ಅಗ್ಗದ ಸೈಕಲ್ಲುಗಳು. ಅವು ಬೆಟ್ಟದ ಸೈಕಲ್ಲಿನ ವೇಷ ತೊಟ್ಟವು ಅಷ್ಟೇ. ಭಾರ ಹೆಚ್ಚು, ತುಳಿದ ಶಕ್ತಿಯ ಒಂದು ಪಾಲು ಸ್ಪ್ರಿಂಗಿನ ಕುಣಿತಕ್ಕೇ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಬೆಟ್ಟವೆಲ್ಲಿದೆ? ಚಿಂಚೋಳಿಯ ಕಾಡುಗುಡ್ಡಗಳನ್ನು ಬಿಟ್ಟರೆ ಉಳಿದದ್ದು ಬಹುತೇಕ ಬಯಲು. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲಾರಂಭಿಸಿದ ಸಾದಾ ಸೈಕಲ್ಲುಗಳು ಹಳ್ಳಿಯ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ತಲುಪಿಸಿದವು. ಸ್ಪ್ರಿಂಗಿನ ಹಂಗು ಅವಕ್ಕಿರಲಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನೋಡಿದವರಿಗೆ ಗೊತ್ತು, ಸಾದಾ ಸೈಕಲ್ಲಿನಿಂದ ಆರಂಭಿಸಿದ ಹುಡುಗರೇ ಮುಂದೆ ರಾಷ್ಟ್ರಮಟ್ಟದ ಸವಾರರಾದದ್ದು.

ಹಾಗಾದರೆ ಕೊಳ್ಳುವವರು ಏನು ಕೊಳ್ಳಬೇಕು? ಹಣದ ಅನುಕೂಲವಿದ್ದು, ದಿನವೂ ದೂರ ಹೋಗುವ ಹುಮ್ಮಸ್ಸಿದ್ದರೆ ಗ್ರ್ಯಾವೆಲ್ ಸೈಕಲ್ಲು ನಮ್ಮ ದಾರಿಗೆ ಹೇಳಿ ಮಾಡಿಸಿದ್ದು. ಆದರೆ ವಾಡಿಯಿಂದ ಹಳಕರ್ಟಿಗೋ ಇಂಗಳಗಿಗೋ ಬೆಳಗಿನ ತಂಪಿನಲ್ಲಿ ಹೋಗಿಬರಲು ಹೈಬ್ರಿಡ್ ಎಂದು ಕರೆಯುವ, ನೇರ ಹ್ಯಾಂಡಲ್ಲಿನ, 38–40 ಮಿಲಿಮೀಟರ್ ಟೈರಿನ, ಸ್ಪ್ರಿಂಗಿಲ್ಲದ, ಏಳೆಂಟು ಗೇರಿನ ಸೈಕಲ್ಲು ಧಾರಾಳ ಸಾಕು. ಅದರ ಬೆಲೆಯೂ ಅಷ್ಟಿಲ್ಲ. ಕೊಳ್ಳುವ ಮುನ್ನ ನಿಮ್ಮೂರಿನ ಪಂಕ್ಚರ್ ಅಂಗಡಿಯವರನ್ನು ಒಮ್ಮೆ ಕೇಳಿ. ಹಳೆಯ 28 x 1½ ಟೈರಿನ ರಿಮ್ಮು 635 ಮಿಲಿಮೀಟರ್. ಹೊಸ ಮಾದರಿಗಳ ‘700ಸಿ’ ರಿಮ್ಮು 622. ಎರಡನ್ನೂ ಬಾಯಿಮಾತಿನಲ್ಲಿ 28 ಇಂಚು ಎನ್ನುತ್ತಾರೆ, ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಗಾಳಿ ತುಂಬುವ ವಾಲ್ವೂ ಬೇರೆ ಇರಬಹುದು; ಆಗ ಊರ ಪಂಪಿನ ಬಾಯಿ ಹೊಂದುವುದಿಲ್ಲ. ಸೈಕಲ್ಲು ಮೂಲೆ ಸೇರಲು ಇಂಥ ಒಂದು ಸಣ್ಣ ಕಾರಣ ಸಾಕು, ಮೂಲೆ ಸೇರಿದ ಸೈಕಲ್ಲು ಸಕ್ಕರೆ ಇಳಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುತ್ತದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದರೆ ಕನಿಷ್ಠ ಮಿತಿ ಪೂರೈಸಿತು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುವವರಲ್ಲಿ ಅಕಾಲ ಮರಣದ ಅಪಾಯ ಶೇ. 41ರಷ್ಟು ಕಡಿಮೆ ಕಂಡುಬಂದಿತು. ಅಂಥವರು ಮೊದಲೇ ಆರೋಗ್ಯವಂತರಾಗಿರಬಹುದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಅಷ್ಟು ದೊಡ್ಡ ವ್ಯತ್ಯಾಸವನ್ನು ಅದೊಂದರಿಂದಲೇ ಅಲ್ಲಗಳೆಯಲಾಗದು. ಆ ಅಧ್ಯಯನದ ಸವಾರರು ವ್ಯಾಯಾಮಕ್ಕೆಂದು ಹೊರಟವರಲ್ಲ, ದುಡಿಯಲು ಹೊರಟವರು ಎಂಬುದನ್ನು ಗಮನಿಸಬೇಕು.

ನಮ್ಮ ಸೀಮೆಗೆ ಸಲ್ಲುವ ಒಂದೆರಡು ಎಚ್ಚರಿಕೆಗಳಿವೆ. ಬೇಸಿಗೆಯಲ್ಲಿ ಸೂರ್ಯ ಮೇಲೇರುವ ಮೊದಲೇ ಮನೆ ಸೇರಬೇಕು. ಕಲ್ಲು ಹೊತ್ತ ಲಾರಿಗಳು ಓಡುವ ದಾರಿಯಲ್ಲಿ ಧೂಳಿನಿಂದ ಕಣ್ಣಿಗೆ ಕನ್ನಡಕ, ಮೂಗಿಗೆ ವಸ್ತ್ರ ಬೇಕು. ಹಿಂದೆ ಕೆಂಪು ದೀಪ ಅಥವಾ ಹೊಳೆಯುವ ಪಟ್ಟಿ ಇಲ್ಲದೆ ಮಬ್ಬಿನಲ್ಲಿ ಹೊರಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲದ ತುಂಡನ್ನೋ ಸಕ್ಕರೆಯನ್ನೋ ಇಟ್ಟುಕೊಂಡೇ ಹೋಗಬೇಕು. ಎದೆನೋವು ಬಂದು ಹೋದವರು ವೈದ್ಯರನ್ನು ಕಾಣದೆ ಆರಂಭಿಸಬಾರದು. ಕೈ ಜೋಮು ಸೈಕಲ್ ಇಳಿದ ಮೇಲೂ ದಿನಗಟ್ಟಲೆ ಉಳಿದರೆ, ಹಿಡಿತದಲ್ಲಿ ಬಲ ಕುಂದಿದರೆ, ತಡಮಾಡದೆ ತೋರಿಸಬೇಕು.

ನನ್ನ ರೋಗಿಯ ತೆಳ್ಳಗಿನ ಸೈಕಲ್ಲು ಈಗ ಬೆಂಗಳೂರಿನಲ್ಲಿ ಓದುವ ಅವರ ಮಗನ ಬಳಿ ಇದೆ. ಅಲ್ಲಿನ ಡಾಂಬರಿಗೆ ಅದು ಸರಿಹೊಂದಿದೆಯಂತೆ. ಕೊಟ್ಟಿಗೆಯ ಕರಿಯ ಸೈಕಲ್ಲನ್ನು ಹೊರತೆಗೆದು ಟೈರು, ಟ್ಯೂಬು ಬದಲಿಸಿ, ಸೀಟು ಏರಿಸಿದೆವು. ಹಿಂದಿನ 18 ಹಲ್ಲಿನ ಫ್ರೀವ್ಹೀಲ್ ತೆಗೆದು, ಭಾರದ ಗಾಡಿಗಳಿಗೆ ಹಾಕುವ 22 ಹಲ್ಲಿನದನ್ನು ಕೂರಿಸಿದ್ದರಿಂದ ಒಂದು ಸುತ್ತಿನ ದೂರ ನಾಲ್ಕೂವರೆ ಮೀಟರಿಗೆ ಇಳಿಯಿತು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಯಿತು. ಗಾಳಿಯನ್ನು 40 ಪೌಂಡಿಗೆ ನಿಲ್ಲಿಸಿದೆವು. ಏಳೆಂಟು ವಾರಗಳಲ್ಲಿ ಬೆರಳಿನ ಜೋಮು ಹೋಯಿತು. ಸಕ್ಕರೆಯೂ ಇಳಿದಿದೆ; ಅದರಲ್ಲಿ ಮಾತ್ರೆಯ ಪಾಲು ಎಷ್ಟು, ಪೆಡಲಿನ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಉಳಿದದ್ದು ಬ್ರೇಕು. ಆ ಹಳೆಯ ಕಂಬಿ ಬ್ರೇಕುಗಳು ಮಳೆಯಲ್ಲಿ ಒದ್ದೆಯಾದ ರಿಮ್ಮಿನ ಮೇಲೆ ಸರಿಯಾಗಿ ಹಿಡಿಯುವುದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಕಳೆದ ಭಾನುವಾರ ಶಹಾಬಾದಿನ ಪೇಟೆಯಲ್ಲಿ ಹೊಸ ಬ್ರೇಕ್ ರಬ್ಬರು ಸಿಕ್ಕವೆಂದು, ಅದೇ ಸೈಕಲ್ಲಿನ ಮೇಲೆ ಬಂದು ತೋರಿಸಿ ಹೋದರು.